ಕೊನೆಯ ಬೆಂಚಿನ ಸಮಾಧಾನ

ಇಂಗ್ಲೆಂಡಿನ ಬೀಸ್ಟನ್ನಿನ ನಮ್ಮ ಚರ್ಚಿನಲ್ಲಿ ನಾನು ಬಾಗಿಲು ಕಾಯುವವನು. ರೋಟಾ ಎಂಬ ಪಾಳಿಪಟ್ಟಿಯಲ್ಲಿ ಇದಕ್ಕೆ ‘ಸ್ವಾಗತ ಸೇವೆ’ ಎಂಬ ಗೌರವದ ಹೆಸರಿದೆ. ಕೆಲಸ ಇಷ್ಟೇ: ಭಾನುವಾರದ ಆರಾಧನೆಗೆ ಬಂದವರಿಗೆ ಗುಡ್ ಮಾರ್ನಿಂಗ್ ಹೇಳಿ ಹಾಡಿನ ಪುಸ್ತಕ ಕೊಡುವುದು, ಮುಗಿದ ಮೇಲೆ ಅದನ್ನು ವಾಪಸು ಪಡೆದು ಕಪಾಟಿನಲ್ಲಿ ಜೋಡಿಸುವುದು. ಇರುವ ಸೇವೆಗಳಲ್ಲಿ ಇದನ್ನೇ ಆರಿಸಿಕೊಂಡದ್ದಕ್ಕೆ ಭಕ್ತಿ ಕಾರಣವಲ್ಲ. ಬೈಬಲಿನ ವೇದಪಾಠ ಓದಲು ಒಪ್ಪಿದರೆ ಹಳೆ ಒಡಂಬಡಿಕೆಯ ರಾಜರ ಹೆಸರುಗಳು ನಾಲಿಗೆಗೆ ಸಿಕ್ಕಿಕೊಳ್ಳಬಹುದು. ದ್ರಾಕ್ಷಾರಸದ ಪಾತ್ರೆ ಹಿಡಿದರೆ ಯಾರದೋ ಬಿಳಿ ಕೋಟಿನ ಮೇಲೆ ಚೆಲ್ಲಬಹುದು. ಸಂಡೇ ಸ್ಕೂಲ್ ತೆಗೆದುಕೊಂಡರೆ ಮಕ್ಕಳು ಪ್ರಶ್ನೆ ಕೇಳಬಹುದು. ಬಾಗಿಲ ಹತ್ತಿರ ಅಂಥ ಅಪಾಯವೇನಿಲ್ಲ ಅಂದುಕೊಂಡಿದ್ದೆ. ಬಂದವರೆಲ್ಲ ಕೈ ಕುಲುಕುತ್ತಾರೆ ಎಂಬುದು ಆಮೇಲೆ ಹೊಳೆಯಿತು.

ಕೈಗಳ ವಿಷಯದಲ್ಲಿ ನಾನು ಮೊದಲಿನಿಂದಲೂ ಪುಕ್ಕಲ. ಕೊರೋನಾ ಬರುವ ಎಷ್ಟೋ ವರ್ಷ ಮೊದಲೇ ನನ್ನ ಕೋಟಿನ ಜೇಬಿನಲ್ಲಿ ಸ್ಯಾನಿಟೈಸರ್ ಬಾಟಲಿ ಇರುತ್ತಿತ್ತು. ಹೆಂಡತಿ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್. ದಿನವಿಡೀ ಗಾಯ, ವಾಂತಿ, ಕೀವುಗಳ ನಡುವೆ ಇದ್ದು ಬಂದು, ಸೋಪು ಹಚ್ಚಿ ಕೈ ತೊಳೆದು, ನೆಮ್ಮದಿಯಾಗಿ ಅನ್ನ ಕಲಸುತ್ತಾಳೆ. ಮನೆಯ ಮೂಲೆಯಲ್ಲಿ ಒಬ್ಬನೇ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುವ ನಾನು ಮಾತ್ರ ಬಾಗಿಲ ಹಿಡಿಯನ್ನು ಮೊಣಕೈಯಿಂದ ತಿರುಗಿಸುತ್ತೇನೆ.

ಕೊನೆಯ ಬೆಂಚಿನಲ್ಲಿ, ಹೀಟರ್ ಪಕ್ಕದ ಕಂಬಕ್ಕೆ ಒರಗಿ ಕೂರುವ ಅಜ್ಜಿಯೊಬ್ಬರಿದ್ದರು. ಪ್ರಾಯದಲ್ಲಿ ಈ ಊರಿನ ಲೇಸ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳು ಲೀಡ್ಸ್‌ನಲ್ಲಿದ್ದಳು. ಈ ಕಡೆಯ ಹಳಬರಂತೆ ಅವರೂ ಎಲ್ಲರನ್ನೂ ‘ಡಕ್’ ಎಂದೇ ಕರೆಯುತ್ತಿದ್ದರು. ಬಾತುಕೋಳಿಗೂ ಅದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ದೊಡ್ಡವರು ‘ಮರಿ’ ಅನ್ನುವ ಹಾಗೆ.

ಆರಾಧನೆಯ ಮಧ್ಯೆ, ರೊಟ್ಟಿ-ದ್ರಾಕ್ಷಾರಸದ ಪ್ರಭುಭೋಜನಕ್ಕೆ ಮುಂಚೆ, ಸಭೆಯವರು ಒಬ್ಬರಿಗೊಬ್ಬರು ಸಮಾಧಾನ ಹೇಳುವ ಗಳಿಗೆಯೊಂದಿದೆ. ‘ಕರ್ತನ ಸಮಾಧಾನ ನಿಮ್ಮೊಂದಿಗಿರಲಿ’ ಎಂದು ಅಕ್ಕಪಕ್ಕದವರ ಕೈ ಕುಲುಕುವುದು. ಬಾಗಿಲು ಕಾಯುವ ನಾನು ಹಿಂದೆಯೇ ನಿಂತಿರುವುದರಿಂದ ಅಜ್ಜಿಯ ಪಾಲಿನ ಅಕ್ಕಪಕ್ಕವೆಂದರೆ ನಾನೇ. ಅವರು ಹಿಡಿದ ಕೈ ಬಿಡುತ್ತಿರಲಿಲ್ಲ. ಹಿಡಿದುಕೊಂಡೇ ಬಸ್ಸು ತಡವಾದದ್ದು, ಮಂಡಿ ನೋವಿಗೆ ಜಿಪಿ ಡಾಕ್ಟರು ಹೇಳಿದ್ದು, ಪಕ್ಕದ ಮನೆಯ ಬೆಕ್ಕು ತಮ್ಮ ಸೋಫಾದ ಮೇಲೆ ಮಲಗಿದ್ದು ಎಲ್ಲ ಹೇಳುತ್ತಿದ್ದರು. ಆರ್ಗನ್ ಶುರುವಾಗಿ ಎಲ್ಲರೂ ಮುಂದಿನ ಹಾಡಿಗೆ ಪುಟ ತಿರುವುತ್ತಿದ್ದರೂ ನನ್ನ ಕೈ ಅವರ ಹತ್ತಿರವೇ ಇರುತ್ತಿತ್ತು. ಅವರ ಬೆರಳುಗಳು ಫ್ರಿಜ್ಜಿನಿಂದ ಆಗತಾನೇ ತೆಗೆದ ಬೀನ್ಸಿನಂತೆ ತಣ್ಣಗೆ. ನಾನು ನಗುತ್ತ, ತಲೆಯಾಡಿಸುತ್ತ, ಈ ಕೈಯಲ್ಲೇ ಅಲ್ಲವೇ ಈಗ ಮೂಗು ಒರೆಸಿಕೊಂಡದ್ದು ಎಂದು ನೆನಪು ಮಾಡಿಕೊಳ್ಳುತ್ತಿದ್ದೆ.

ಆಮೇಲೆ ಕೊರೋನಾ ಬಂತು. ಚರ್ಚು ಮುಚ್ಚಿತು, ತೆರೆಯಿತು, ಮಾಸ್ಕ್ ಬಂತು, ಹೋಯಿತು. ಲೋಕವೆಲ್ಲ ಕೊನೆಗೂ ನನ್ನ ದಾರಿಗೆ ಬಂತಲ್ಲ ಎಂದು ಒಳಗೊಳಗೇ ಹಾಯೆನಿಸಿತ್ತು. ಆ ಹಾಯಿ ಬಹಳ ದಿನ ಉಳಿಯಲಿಲ್ಲ. ಒಂದು ಭಾನುವಾರ ನಮ್ಮ ಪಾದ್ರಿಯಮ್ಮ, “ಇನ್ನು ಮನಸ್ಸಿದ್ದವರು ಕೈ ಕುಲುಕಬಹುದು” ಎಂದುಬಿಟ್ಟರು. ಮೊದಲು ನನ್ನ ಕಡೆಗೆ ಬಂದವರು ಹಾಡಿನುದ್ದಕ್ಕೂ ಮುಷ್ಟಿಯೊಳಗೆ ಕೆಮ್ಮುತ್ತಿದ್ದ ಮಹನೀಯರು. ಅದೇ ಮುಷ್ಟಿ ಬಿಚ್ಚಿಕೊಂಡು ಮುಂದೆ ಬಂತು. ನನ್ನ ಎರಡೂ ಕೈ ನನ್ನನ್ನು ಕೇಳದೆ ಎದೆಯ ಮುಂದೆ ಕೂಡಿಕೊಂಡವು.

ಪಾದ್ರಿಯಮ್ಮ ಅದನ್ನು ನೋಡಿದರು. ಹತ್ತಿರ ಬಂದು, “ನಿಮ್ಮ ಕಡೆ ಸಮಾಧಾನ ಹೇಳೋದು ಹೀಗೇನಾ?” ಎಂದರು.

“ಹೌದು,” ಎಂದೆ.

“ಎಷ್ಟು ಚೆನ್ನಾಗಿದೆ. ಪ್ರಕಟಣೆ ಹೊತ್ತಲ್ಲಿ ಎಲ್ಲರಿಗೂ ಎರಡು ಮಾತು ಹೇಳಿ.”

ಹೇಳಿದೆ. ಕೈ ಮುಗಿಯುವುದೆಂದರೆ ಎದುರಿನವರೊಳಗಿನ ದೇವರಿಗೆ ತಲೆಬಾಗುವುದು ಎಂದೆ. ಇಂಥ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿದ್ದನ್ನು ಕೇಳಿದವನಲ್ಲ. ಚರ್ಚಿನ ಹಾಲ್‌ನಲ್ಲಿ ನಡೆಯುವ ಯೋಗ ಕ್ಲಾಸಿನ ಪೋಸ್ಟರಿನಲ್ಲಿ ಓದಿದ್ದೆ. ಸಭೆ ತಲೆದೂಗಿತು. ಇಂಗ್ಲಿಷರು ಸಭ್ಯರು. ಒಬ್ಬ ಭಾರತೀಯ ತನ್ನ ಸಂಪ್ರದಾಯವೆಂದು ಏನನ್ನಾದರೂ ಕೊಟ್ಟರೆ ಬೇಡವೆನ್ನುವುದಿಲ್ಲ. ಮುಂದಿನ ಭಾನುವಾರ ಅರ್ಧ ಚರ್ಚು, ಅದರ ಮುಂದಿನ ಭಾನುವಾರ ಹೆಚ್ಚುಕಮ್ಮಿ ಇಡೀ ಚರ್ಚು ಕೈ ಮುಗಿಯಿತು. ಹದಿಹರೆಯದ ಮಗಳು ತಲೆ ತಗ್ಗಿಸಿ, “ಓ ಮೈ ಗಾಡ್, ಅಪ್ಪ” ಎಂದು ಇಂಗ್ಲಿಷಿನಲ್ಲೇ ನರಳಿದಳು. ನಾನು ಜೇಬಿನ ಬಾಟಲಿಯನ್ನು ಅಡುಗೆಮನೆಯ ಡ್ರಾಯರಿಗೆ ಹಾಕಿದೆ.

ಒಂದು ಚಳಿಗಾಲದ ಭಾನುವಾರ ಆರಾಧನೆಯ ನಂತರ ಚರ್ಚಿನ ಹಾಲ್‌ನಲ್ಲಿ ಎಂದಿನಂತೆ ಚಹಾ. ಅಜ್ಜಿ ನನ್ನ ಹೆಂಡತಿಯ ಪಕ್ಕ ಕೂತಿದ್ದರು. ಹೆಂಡತಿ ಮಾತಿನ ನಡುವೆ ಅವರ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡು ಗೆಣ್ಣುಗಳನ್ನು ಸವರುತ್ತಿದ್ದಳು, ನರ್ಸುಗಳ ಅಭ್ಯಾಸ. ನಾನು ಬಿಸ್ಕತ್ತಿನ ತಟ್ಟೆ ಹಿಡಿದು ಹೋದೆ.

“ನಿನ್ನ ಕೈ ಬೆಚ್ಚಗಿದೆ ಡಕ್,” ಎನ್ನುತ್ತಿದ್ದರು ಅಜ್ಜಿ. “ಮೊದಲು ಭಾನುವಾರ ಭಾನುವಾರ ಇದು ಸಿಕ್ತಾ ಇತ್ತು. ಈಗ ನನ್ನ ಮುಟ್ಟೋದು ಕಾಲುಗುರು ಕತ್ತರಿಸೋಕೆ ಬರ್ತಾಳಲ್ಲ, ಆ ಹುಡುಗಿ ಒಬ್ಬಳೇ. ಅವಳೂ ಗ್ಲೌಸ್ ಹಾಕ್ಕೊಂಡಿರ್ತಾಳೆ.” ಹೇಳಿ ನಕ್ಕರು. ನನ್ನ ಕಡೆ ತಿರುಗಿ, “ನಿಮ್ಮದು ಚೆನ್ನಾಗಿದೆ ಕಣಪ್ಪ, ನಾನೇನೂ ಹೇಳ್ತಿಲ್ಲ. ನಂಗೆ ಕೋಲು ಹಿಡ್ಕೊಂಡು ಎರಡೂ ಕೈ ಸೇರಿಸೋಕೆ ಬರಲ್ಲ, ಅಷ್ಟೇ” ಎಂದು ಶುಂಠಿ ಬಿಸ್ಕತ್ತನ್ನೇ ಆರಿಸಿ ತೆಗೆದುಕೊಂಡರು.

ಕಾರಿನಲ್ಲಿ ಹೆಂಡತಿ ಬೆಲ್ಟ್ ಹಾಕಿಕೊಂಡು ನನ್ನ ಕಡೆ ತಿರುಗಿದಳು.

“ಅಲ್ಲಾ ರೀ, ಊರಲ್ಲಿ ನಮ್ಮ ಚರ್ಚಲ್ಲಿ ಯಾವಾಗ ಹಾಗೆ ಸಮಾಧಾನ ಹೇಳ್ತಿದ್ರು?”

“ಜನರಲ್ಲಾಗಿ ಹೇಳ್ದೆ. ನಮ್ಮ ಕಡೆ ಅಂತ.”

“ಜನರಲ್ಲಾಗಿ ನೀವು ಭಾರತಮಾತೆ. ಚರ್ಚಲ್ಲಿ ಹೇಗೆ ಮಾಡ್ತಿದ್ವಿ, ಅದನ್ನ ಹೇಳಬೇಕಿತ್ತು.”

ಅದೇ ಮುಳ್ಳು. ನಾವಿಬ್ಬರೂ ಬೆಳೆದದ್ದು ಮೈಸೂರಿನ ಒಂದೇ ಚರ್ಚಿನಲ್ಲಿ. ಅಲ್ಲಿ ಸಮಾಧಾನವನ್ನು ಬರೀ ಬಾಯಲ್ಲಿ ಹೇಳುತ್ತಿರಲಿಲ್ಲ, ಕೈಯಿಂದ ಕೈಗೆ ಕೊಡುತ್ತಿದ್ದರು. ನನ್ನ ಬಲ ಅಂಗೈ ನಿಮ್ಮ ಬಲ ಅಂಗೈಗೆ. ಮೇಲೆ ನನ್ನ ಎಡಗೈ, ನಿಮ್ಮ ಎಡಗೈ. ನಾಲ್ಕು ಕೈಗಳ ಒಂದು ಗಂಟು. ಮೊದಲು ಪಾದ್ರಿ ಅಯ್ಯನವರು ಪೀಠದ ಹತ್ತಿರ ಹಿರಿಯರಿಗೆ ಕೊಡುತ್ತಿದ್ದರು. ಹಿರಿಯರು ಅದನ್ನು ತಂದು ಪ್ರತಿ ಸಾಲಿನ ತುದಿಯವರಿಗೆ ಕೊಟ್ಟರೆ, ಅಲ್ಲಿಂದ ಒಬ್ಬರಿಂದ ಒಬ್ಬರಿಗೆ ಹಾಯ್ದು ಗೋಡೆ ಮುಟ್ಟುತ್ತಿತ್ತು. ಚಿಕ್ಕವನಾಗಿ ಹೆಂಗಸರ ಸಾಲಿನಲ್ಲಿ ಅಮ್ಮನ ಪಕ್ಕ ಕೂತ ನನಗೆ ಅಮ್ಮನೇ ಕೊಡಬೇಕು. ಚರ್ಚಿಗೆ ಹೊರಡುವ ಮೊದಲು ಕೋಳಿ ಸಾರಿಗೆ ಮಸಾಲೆ ಅರೆದಿಟ್ಟು ಬಂದ ಅಮ್ಮನ ಕೈಯಲ್ಲಿ ಬೆಳ್ಳುಳ್ಳಿಯ ವಾಸನೆ. ಸಮಾಧಾನಕ್ಕೆ ಆ ವಾಸನೆಯೇ ಇರುತ್ತದೆ ಎಂದು ಎಷ್ಟೋ ದಿನ ನಂಬಿದ್ದೆ. ಆ ಅಜ್ಜಿಗೆ ಬೇಕಾದದ್ದು ಇದೇ ಆಗಿತ್ತು. ನನ್ನ ಹತ್ತಿರ ಅದು ಇತ್ತು ಕೂಡ. ಕೊಟ್ಟದ್ದು ಮಾತ್ರ ಪೋಸ್ಟರಿನದು.

ಪಾದ್ರಿಯಮ್ಮನಿಗೆ ಹೇಳಿ ಸರಿಮಾಡಬೇಕೆಂದು ಅಂದೇ ನಿಶ್ಚಯಿಸಿದೆ. ನಿಶ್ಚಯಿಸುವುದರಲ್ಲಿ ನಾನು ಗಟ್ಟಿಗ. ಆದರೆ ಹೇಗೆ ಹೇಳುವುದು? ಅಂದು ಹೇಳಿದ್ದು ಸುಳ್ಳೇ ಎಂದು ಕೇಳಿದರೆ? ಇವನಿಗೆ ವಾರಕ್ಕೊಂದು ಸಂಪ್ರದಾಯ ಎಂದು ನಕ್ಕರೆ? ನನ್ನ ಮಾತು ಕೇಳಿ ಎಲ್ಲರೂ ಕೈ ಹಿಡಿಯತೊಡಗಿ, ಅಜ್ಜಿಗೇ ಸೋಂಕು ತಗುಲಿದರೆ? ಲೆಂಟಿನ ಉಪವಾಸಕಾಲ ಮುಗಿಯಲಿ ಎಂದುಕೊಂಡೆ. ಈಸ್ಟರಿನ ಗದ್ದಲ ಕಳೆಯಲಿ ಎಂದುಕೊಂಡೆ. ಬೇಸಿಗೆಯಲ್ಲಿ ಎಲ್ಲರೂ ರಜೆ ಹೋದರು. ಅಜ್ಜಿಯೊಬ್ಬರ ಕೈಯನ್ನಾದರೂ ಸುಮ್ಮನೆ ಹಿಡಿಯಬಹುದಿತ್ತು. ಎಲ್ಲರೂ ಕೈ ಮುಗಿಯುತ್ತಿರುವಾಗ ಕಲಿಸಿದವನೇ ಕೈ ಹಿಡಿದರೆ ಏನೆಂದುಕೊಂಡಾರು ಎಂದು ಅದೂ ಆಗಲಿಲ್ಲ.

ಅಕ್ಟೋಬರಿನ ಸುಗ್ಗಿಯ ಆರಾಧನೆಯ ಹೊತ್ತಿಗೆ ಪ್ರಕಟಣೆ ಬಂತು. ಅಜ್ಜಿ ಮನೆ ಬಿಟ್ಟು ಲೀಡ್ಸ್‌ನಲ್ಲಿ ಮಗಳ ಹತ್ತಿರದ ಕೇರ್ ಹೋಮಿಗೆ ಹೋಗುತ್ತಾರೆ; ಮುಂದಿನ ಭಾನುವಾರವೇ ಅವರು ಇಲ್ಲಿಗೆ ಬರುವುದು ಕೊನೆ.

ಆ ಭಾನುವಾರ ಬಾಗಿಲು ನನ್ನ ಪಾಳಿಯಲ್ಲ. ಕೇಳಿ ಬದಲಾಯಿಸಿಕೊಂಡೆ. ಪಾದ್ರಿಯಮ್ಮನ ಉಪದೇಶ ನಡೆಯುತ್ತಿದ್ದಾಗ ಹೀಟರಿನ ಮೇಲೆ ಎರಡೂ ಅಂಗೈ ಇಟ್ಟು ಕಾಯಿಸಿಕೊಂಡೆ. ಪಾದ್ರಿಯಮ್ಮ ‘ಸಮಾಧಾನ’ ಎಂದದ್ದೇ ಕೊನೆಯ ಬೆಂಚಿಗೆ ಹೋಗಿ, ಊರಿನಲ್ಲಿ ಕಲಿತ ಹಾಗೆ ಎರಡೂ ಕೈ ಮುಂದೆ ಚಾಚಿದೆ.

ಅಜ್ಜಿ ಆಗಲೇ ಎದ್ದು ನಿಂತಿದ್ದರು. ಕೋಲನ್ನು ಬೆಂಚಿಗೆ ಒರಗಿಸಿ, ಬೆನ್ನನ್ನು ಕಂಬಕ್ಕೆ ಆನಿಸಿ, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿದ್ದರು. ಗೆಣ್ಣುಗಳು ಊದಿದ್ದರಿಂದ ಅಂಗೈ ಪೂರ್ತಿ ಕೂಡಿರಲಿಲ್ಲ. ನಡುವೆ ಒಂದು ಗುಬ್ಬಿಮರಿ ಕೂರುವಷ್ಟು ಜಾಗವಿತ್ತು. ಕಣ್ಣು ಬಿಟ್ಟು, “ಸರಿಯಾಗಿ ಮಾಡಿದ್ನಾ ಡಕ್? ವಾರವೆಲ್ಲ ಅಡುಗೆಮನೇಲಿ ಅಭ್ಯಾಸ ಮಾಡ್ದೆ, ಸಿಂಕಿಗೆ ಒರಗಿಕೊಂಡು. ಹೋಗೋ ಮುಂಚೆ ಒಂದು ಸಲನಾದ್ರೂ ನಿನಗೆ ನಿಮ್ಮ ರೀತೀಲೇ ಹೇಳೋಣ ಅಂತ” ಎಂದರು.

ನನ್ನ ಬೆಚ್ಚಗಿನ ಕೈಗಳು ಗಾಳಿಯಲ್ಲೇ ಇದ್ದವು. ಅವರ ಮುಖದಲ್ಲಿ ಪಾಸಾದ ಮಗುವಿನ ಹೆಮ್ಮೆ. “ತುಂಬ ಸರಿಯಾಗಿದೆ” ಎಂದು ನಾನೂ ಕೈ ಮುಗಿದೆ. ಆರ್ಗನ್ ಶುರುವಾಯಿತು. ಅವರು ಕೋಲಿಗಾಗಿ ತಡಕಾಡಿದರು, ಎತ್ತಿ ಕೊಟ್ಟೆ. ಅವರು ಒಂದು ತುದಿ ಹಿಡಿದರು, ನಾನು ಇನ್ನೊಂದು ತುದಿ ಬಿಟ್ಟೆ.

ಮನೆಗೆ ಬರುವಾಗ ಟ್ರಾಮ್ ಹಳಿ ದಾಟುವಲ್ಲಿ ಕೆಂಪು ದೀಪ. ನಡೆದದ್ದನ್ನು ಹೆಂಡತಿಗೆ ಹೇಳಿದೆ. ಈ ಸಲ ಅವಳು ಹಂಗಿಸಲಿಲ್ಲ.

“ಮುಗಿದ ಕೈ ಮೇಲೇ ನಿಮ್ಮ ಕೈ ಇಡಬಹುದಿತ್ತಲ್ಲ ರೀ,” ಎಂದಳು. “ಹೀಗೆ.” ತನ್ನ ಎರಡು ಕೈಗಳನ್ನು ಗಾಳಿಯಲ್ಲಿ ಯಾವುದನ್ನೋ ಮುಚ್ಚುವಂತೆ ಹಿಡಿದು ತೋರಿಸಿದಳು.

ಇಷ್ಟು ಸುಲಭದ್ದು ನನಗೆ ಹೊಳೆದಿರಲಿಲ್ಲ. ದೀಪ ಹಸಿರಾಯಿತು. ಹಿಂದಿನ ಕಾರಿನವರು ಹಾರ್ನ್ ಮಾಡದೆ, ನಾನು ಹೊರಡುವವರೆಗೆ ಕಾದರು.

ಈಗ ಬಾಗಿಲಲ್ಲಿ ನಿಂತಾಗ ನಾನೇ ಮೊದಲು ಕೈ ಚಾಚಲು ನೋಡುತ್ತೇನೆ. ಅಷ್ಟರಲ್ಲಿ ಎದುರಿನವರು ನನ್ನನ್ನು ಕಂಡೊಡನೆ ನಗುತ್ತ ಕೈ ಮುಗಿದಿರುತ್ತಾರೆ. ನಾನು ಚಾಚಿದ ಕೈಗೆ ಒಂದು ಹಾಡಿನ ಪುಸ್ತಕ ತೆಗೆದುಕೊಂಡು ಅವರಿಗೆ ಕೊಡುತ್ತೇನೆ.