ಅಪ್ಪ ಹೂಂ ಎಂದ ದಿನ

ಬೀದಿಯವರು ಆಕೆಯನ್ನು ಕರೆಯುವುದು ಫೋನಮ್ಮ ಎಂದು. ತಂದೆ, ತಾಯಿ ಇಬ್ಬರಿಗೂ ಕಿವಿ ಕೇಳದು, ಮಾತು ಬಾರದು. ಅವರು ದುಡಿಯುತ್ತಿದ್ದ ಹೊಲಿಗೆ ಶೆಡ್ಡಿನಲ್ಲಿ ಅಂಥವರೇ ಇನ್ನೂ ಆರು ಜನ. ಆಸ್ಪತ್ರೆ, ಬ್ಯಾಂಕು, ಪೊಲೀಸ್ ಠಾಣೆ, ಗಂಡ ಹೆಂಡಿರ ಜಗಳ, ಎಲ್ಲದಕ್ಕೂ ಏಳನೇ ವಯಸ್ಸಿನಿಂದ ಇವಳೇ ಬೇಕು. ಅವರ ಸನ್ನೆಯನ್ನು ಮಾತಾಗಿಸಬೇಕು, ಊರಿನವರ ಮಾತನ್ನು ಸನ್ನೆಯಾಗಿಸಬೇಕು.

"ಏನ್ ಫೋನಮ್ಮ, ಇವತ್ತು ಯಾರ ಕಾಲ್ ಬಂತು?" ಎಂದು ಹಾಲಿನವನು ಕೆಣಕಿದರೆ, "ರಾಂಗ್ ನಂಬರ್, ಇಡು" ಎನ್ನುತ್ತಿದ್ದಳು.

ಇಪ್ಪತ್ತೊಂಬತ್ತನೇ ವಯಸ್ಸಿಗೆ ದೂರದೂರಿನಲ್ಲಿ ಗಿಡ ಬೆಳೆಸಿ ಮಾರುವ ನರ್ಸರಿಯೊಂದರಲ್ಲಿ ಕೆಲಸ ಸಿಕ್ಕಿತು. ಯಾರ ಮಾತನ್ನೂ ಹೊರಬೇಕಿಲ್ಲದ ಕೆಲಸ.

"ಇಷ್ಟು ಜನಾನ ನಡುನೀರಲ್ಲಿ ಬಿಟ್ಟು ಹೋಗ್ತೀಯಲ್ಲೇ, ಎದೆ ಗಟ್ಟಿ ಬಿಡಮ್ಮ ನಿಂದು" ಎಂದಳು ಶೆಡ್ಡಿನ ಮೇಲ್ವಿಚಾರಕಿ. ಅಪ್ಪ ಮಾತ್ರ ತಾವೇ ಪೆಟ್ಟಿಗೆ ಹೊತ್ತು ಬಸ್ಸಿಗೆ ಬಂದರು. 'ಹೋಗು, ನಮಗೆ ಕಣ್ಣಿದೆ' ಎಂದು ಸನ್ನೆ ಮಾಡಿದರು.

ಹನ್ನೊಂದನೇ ವಾರ ಅವರಿಗೆ ಎದೆನೋವು ಬಂತು. 'ಮಗಳನ್ನು ಕರೆಸೋಣ' ಎನ್ನಲು ಹೊರಟ ಹೆಂಡತಿಯ ಕೈಯನ್ನು ನಡುವೆಯೇ ಹಿಡಿದು ನಿಲ್ಲಿಸಿ, ಒಬ್ಬರೇ ಆಸ್ಪತ್ರೆಗೆ ಹೋದರು. ಪೆದ್ದನೆನಿಸಿಕೊಳ್ಳಬಾರದೆಂದು ಅರ್ಥವಾಗದ್ದಕ್ಕೆಲ್ಲ ತಲೆಯಾಡಿಸುವುದು ಅವರ ಹಳೆಯ ರೂಢಿ. ನೋವು ಕಮ್ಮಿಯಾಯಿತೇ ಎಂದು ಡಾಕ್ಟರು ಕೇಳಿದರು, ತಲೆಯಾಡಿಸಿದರು. ಮನೆಗೆ ಹೋಗುತ್ತೀರಾ ಎಂದರು, ಅದಕ್ಕೂ ತಲೆಯಾಡಿಸಿದರು. ಮರುದಿನ ಶೆಡ್ಡಿನ ಇಸ್ತ್ರಿ ಮೇಜಿನ ಬಳಿ ಕುಸಿದವರು ಮತ್ತೆ ಏಳಲಿಲ್ಲ.

ವಾರದ ಬಳಿಕ ತಾಯಿ, ಮಗಳು ಆ ಡಾಕ್ಟರ ಎದುರು ಕೂತರು. "ಕೇಳಿದ್ದಕ್ಕೆಲ್ಲ ಹೂಂ ಅಂತ ತಲೆ ಆಡಿಸಿದ್ರಮ್ಮ" ಎಂದರು ಡಾಕ್ಟರು. ಮಗಳು ಅದನ್ನು ಹಾಗೆಯೇ ಸನ್ನೆ ಮಾಡಿದಳು. ತಾಯಿಯ ಕೈ ಒಂದು ಪ್ರಶ್ನೆ ಕೇಳಿತು. ಅದನ್ನು ಬಾಯಿ ಬಿಟ್ಟು ಹೇಳಬೇಕಾದವಳು ಮಗಳೇ.

"ಮಗಳು ಜೊತೇಲಿದ್ದಿದ್ರೆ ಉಳೀತಿದ್ರಾ ಅಂತ ಕೇಳ್ತಿದಾರೆ."

ಡಾಕ್ಟರು ತಲೆ ತಗ್ಗಿಸಿದರು. "ಉಳೀತಿದ್ರು ಅನ್ಸುತ್ತೆ."

ಇಪ್ಪತ್ತೆರಡು ವರ್ಷ ಯಾರ ಒಂದು ಮಾತನ್ನೂ ಬದಲಿಸದ ಕೈ 'ಇಲ್ಲವಂತೆ' ಎಂದಿತು.

ತಾಯಿ ಬದುಕಿಡೀ ಮುಖಗಳನ್ನೇ ಓದಿದವರು. ಡಾಕ್ಟರ ಮುಖ ನೋಡಿದರು, ಮಗಳ ಮುಖ ನೋಡಿದರು. 'ಹಾಗಾದರೆ ನೀನು ವಾಪಸ್ ಹೋಗು' ಎಂದರು.

ಮಗಳು ಹೋಗಲಿಲ್ಲ. ಹನ್ನೆರಡು ವರ್ಷವಾಯಿತು. ಆ ಮನೆಯಲ್ಲಿ, ನೋಡದೆ ಮಾತು ತಲುಪುವುದಿಲ್ಲ. ತಾಯಿ 'ಹೋಗು' ಎನ್ನಲು ಕೈಯೆತ್ತಿದಾಗಲೆಲ್ಲ ಆಕೆ ಗೋಡೆಯತ್ತ ತಿರುಗಿಬಿಡುತ್ತಾಳೆ.