ಹುಲಿಗೆಮ್ಮಂದಿರ ರೊಟ್ಟಿ

ಬೆಳಿಗ್ಗೆ ಎಂದಿನಂತೆ ಅಂಗಳಕ್ಕೆ ನೀರು ಹಾಕಿ, ಲ್ಯಾಪ್‌ಟಾಪ್ ಪರದೆಯ ಪಟ್ಟಿ ನೋಡಿಕೊಂಡು, ಓಣಿಯವರು ಆರ್ಡರ್ ಕೊಟ್ಟಿದ್ದ ಜೋಳದ ರೊಟ್ಟಿ ತಟ್ಟಿದೆ. ಆರ್ಡರ್‌ಗಳಿಗೆಂದು ನಾನೇ ಪೈಥಾನ್‌ನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಬರೆದು, ಅದರಲ್ಲಿ ಸ್ಕಿಪ್ ಲಿಸ್ಟ್ ಎಂಬ ಸಿದ್ಧ ಕೋಡ್ ಲೈಬ್ರರಿ ಬಳಸಿದ್ದೆ. ಅದು ಹೆಸರುಗಳನ್ನು ಕ್ರಮವಾಗಿಟ್ಟು, ನಡುವಿನವನ್ನು ಹಾರಿಕೊಂಡು ಹೋಗಿ ಬೇಕಾದದ್ದನ್ನು ಬೇಗ ಹುಡುಕುತ್ತದೆ.

ಮಧ್ಯಾಹ್ನ ಓಣಿಯ ಹೆಂಗಸರು ಒಬ್ಬೊಬ್ಬರೇ ಬಂದು, “ನಮ್ಮ ರೊಟ್ಟಿ ಎಲ್ಲಿ ಅದಾವ್ರಿ ಅಕ್ಕಾರ?” ಎಂದರು. ಪರದೆಯಲ್ಲಿ ಅವರ ಆರ್ಡರೇ ಇಲ್ಲ, ತಪ್ಪಾಗಿದೆ ಎಂಬ ಸೂಚನೆಯೂ ಇಲ್ಲ! ಹುಡುಕಿ ಸಾಕಾದ ಮೇಲೆ ತಿಳಿಯಿತು: ಅದೇ ಹೆಸರು ಮತ್ತೆ ಹಾಕಿದರೆ ಈ ಲೈಬ್ರರಿ ಹಳೆಯ ಆರ್ಡರನ್ನು ಸದ್ದಿಲ್ಲದೆ ಅಳಿಸುತ್ತದೆ. ನಮ್ಮಲ್ಲೋ ಹುಲಿಗಿ ಊರಿನ ದೇವಿಯ ಹೆಸರಿಟ್ಟುಕೊಂಡ ಹುಲಿಗೆಮ್ಮ ಮನೆಗೊಬ್ಬಳು. ಕೊನೆಗೆ ಆರ್ಡರ್ ಕೊಟ್ಟವಳಿಗೆ ಮಾತ್ರ ರೊಟ್ಟಿ! ಮತ್ತೆ ಹಿಟ್ಟು ನಾದಿದೆ.

ಸಂಜೆ ಬಿಸಿ ರೊಟ್ಟಿ ಡಬ್ಬಿಗೆ ಹಾಕಿಕೊಳ್ಳುತ್ತ ಪಕ್ಕದ ಮನೆಯಾಕೆ ಅಂದಳು: “ಈ ಓಣ್ಯಾಗ ಕಲ್ಲು ಒಗದ್ರ ಹುಲಿಗೆಮ್ಮಗ ಬಡಿತೈತಿ. ಇದೂ ಗೊತ್ತಿಲ್ಲದ ನಿಮ್ಮ ಕಂಪ್ಯೂಟರ್ ಯಾವೂರದ್ರಿ ಅಕ್ಕಾರ?”