ತೆಂಗಿನಮೂಲೆಗೆ ಬಾರದ ದೋಣಿ

ಆ ವಾರ ನಮ್ಮ ದೋಣಿಕಟ್ಟೆಯಲ್ಲಿ ಎರಡು ಹೊಸ ದೋಣಿಗಳನ್ನು ಅಕ್ಕಪಕ್ಕ ಕಟ್ಟಿದ್ದೆವು. ಬೆಳಗಿನ ಮಂಜಿನಲ್ಲಿ ಎರಡೂ ಒಂದೇ ತರಹ ಕಾಣುತ್ತಿದ್ದವು. ಬಿಳಿ ಮೈ, ನೀಲಿ ಪಟ್ಟಿ, ಎಂಟು ಜನ ಕೂರುವ ಸೀಟು. ವ್ಯತ್ಯಾಸವೆಲ್ಲ ನೀರಿನ ಕೆಳಗಿತ್ತು. ಒಂದರ ಹಿಂಬದಿಗೆ ಇಂಜಿನ್ ನೇತುಹಾಕಿತ್ತು; ಇಂಜಿನ್ನಿನ ಕಾಲು ನೀರಿಗಿಳಿದು, ಅದರ ತುದಿಯಲ್ಲಿ ಮೂರು ರೆಕ್ಕೆಯ ಪ್ರೊಪೆಲರ್. ಇನ್ನೊಂದಕ್ಕೆ ಕೆಳಗೆ ಇಳಿಬಿದ್ದದ್ದು ಏನೂ ಇಲ್ಲ. ಹೊಟ್ಟೆಯಡಿ ಒಂದು ಜಾಲರಿ, ಹಿಂದೆ ಒಂದು ಮೂತಿ. ಜಾಲರಿಯಿಂದ ನೀರು ಎಳೆದು, ಮೂತಿಯಿಂದ ರಭಸವಾಗಿ ಉಗುಳಿ, ಉಗುಳಿದ ಬಲದಲ್ಲೇ ಮುಂದೆ ಹೋಗುವ ಜೆಟ್ ದೋಣಿ ಅದು.

ಎರಡರಲ್ಲಿ ಒಂದನ್ನು ಇಟ್ಟುಕೊಂಡು ಒಂದನ್ನು ವಾಪಸು ಕಳಿಸಬೇಕಿತ್ತು. ಯಾವುದನ್ನು ಇಟ್ಟುಕೊಳ್ಳಬೇಕು ಎಂದು ಬರೆದು ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಬೇಲೂರಿನ ಆಚೆ ಜಲಾಶಯದ ದಂಡೆಯಲ್ಲಿರುವ ಆ ಬೋಟಿಂಗ್ ಕೇಂದ್ರದಲ್ಲಿ ಇಂಜಿನ್ನುಗಳ ಉಸ್ತುವಾರಿ, ಜನರ ಸುರಕ್ಷತೆ ಎರಡೂ ನನ್ನವೇ. ಜಾವಗಲ್ಲಿನಿಂದ ಹಾಸನಕ್ಕೆ ನಾಲ್ಕು ವರ್ಷ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದು ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದವಳು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಬಂದದ್ದು ನನ್ನಿಂದಲೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹೇಳದೆ ಬಿಟ್ಟರೆ ಮುಂದಿನದು ಅರ್ಥವಾಗುವುದೂ ಇಲ್ಲ.

ಕೇಂದ್ರದ ಯಜಮಾನರು ಅರಸೀಕೆರೆಯ ಕೊಬ್ಬರಿ ವ್ಯಾಪಾರಿ. "ನೋಡಮ್ಮ, ಕಾಯೀನ ಕಿವಿ ಹತ್ರ ಅಲ್ಲಾಡ್ಸಿದ್ರೆ ಒಳಗೆ ಕೊಬ್ಬರಿ ಒಣಗೈತೋ ಇಲ್ವೋ ಹೇಳ್ಬಿಡ್ತೀನಿ," ಎಂದರು. "ದೋಣಿ ಅಲ್ಲಾಡ್ಸಿ ನೋಡಕ್ಕಾಯ್ತದಾ? ನೀನು ಓದಿರೋಳು. ನೀನೇ ಹೇಳು. ಒಂದ್ ವಾರ ಓಡ್ಸಿ ನೋಡು." ಹೊರಡುವ ಮುನ್ನ ಕಾರಿನ ಬಾಗಿಲು ಹಿಡಿದುಕೊಂಡು ಇನ್ನೊಂದು ಮಾತು ಸೇರಿಸಿದರು. "ಜೆಟ್ಟಾದ್ರೆ ಕಮ್ಮಿ ನೀರಲ್ಲೂ ಓಡ್ತದಂತೆ. ತೆಂಗಿನಮೂಲೆ ತನಕ ಜನಾನ ಒಂದ್ ರೌಂಡ್ ಕರ್ಕೊಂಡ್ ಹೋಗ್ಬೋದು. ಅಲ್ಲಿ ಕೊಕ್ಕರೆ ಗಿಕ್ಕರೆ ಇರ್ತವೆ, ಫೋಟೋ ಹೊಡ್ಕೊಳ್ಳಿ."

ತೆಂಗಿನಮೂಲೆ ಎಂದರೆ ಜಲಾಶಯದ ಒಂದು ತೋಳು. ನೀರು ನಿಲ್ಲುವ ಮೊದಲು ಅಲ್ಲಿ ತೋಟವಿತ್ತಂತೆ. ಮರ ಕಡಿದುಕೊಂಡು ಹೋದರು, ಬುಡಗಳು ಹಾಗೇ ಉಳಿದವು. ಮೊಣಕಾಲುದ್ದ, ಸೊಂಟದುದ್ದ ನೀರಿನಡಿ ಬುಡಗಳು ಸಾಲು ಹಿಡಿದು ಈಗಲೂ ನಿಂತಿವೆ. ಅವುಗಳ ಸಂದಿಯಲ್ಲಿ ಮೀನು ಮೇಯುತ್ತವೆ. ಆ ಮೀನಿಗೆ ಬಲೆ ಬಿಡುವವನು ಒಬ್ಬನೇ ಒಬ್ಬ ಮುದುಕ. ದೊಡ್ಡ ನೀರಿನಲ್ಲಿ ದೋಣಿಗಳ ಅಲೆ ಶುರುವಾದ ಮೇಲೆ ಉಳಿದವರೆಲ್ಲ ಬೇರೆ ಕೆರೆ ಹುಡುಕಿಕೊಂಡು ಹೋಗಿದ್ದರು. ಇವನು ಹರಿಗೋಲನ್ನು ಆ ಮೂಲೆಗೆ ಎಳೆದುಕೊಂಡು ಉಳಿದುಬಿಟ್ಟಿದ್ದ. ಪ್ರೊಪೆಲರ್ ದೋಣಿ ಅಲ್ಲಿಗೆ ಬರುವ ಹಾಗಿಲ್ಲ, ಬಂದರೆ ಒಂದೇ ಬುಡಕ್ಕೆ ರೆಕ್ಕೆ ಮುರಿಯುತ್ತದೆ. ಮುದುಕನಿಗೆ ಅದೇ ಬೇಲಿ. ಜೆಟ್ ಬಂದರೆ ಆ ಬೇಲಿ ಇಲ್ಲ. ಇದು ನನಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಆ ವಾರದ ಬಹುಪಾಲು ನಾನು ಅದನ್ನು ಯೋಚಿಸಲಿಲ್ಲ. ಅಷ್ಟು ಚೆನ್ನಾಗಿತ್ತು ಆ ದೋಣಿ.

ಮೊದಲೆರಡು ದಿನ ಪ್ರೊಪೆಲರ್ ದೋಣಿ ಓಡಿಸಿದೆ. ಪ್ರೊಪೆಲರ್ ನೀರನ್ನು ಕೊರೆದುಕೊಂಡು ಹೋಗುತ್ತದೆ, ಮರಕ್ಕೆ ತಿರುಪು ಹೊಕ್ಕ ಹಾಗೆ. ನಿಧಾನಕ್ಕೆ ಹೋಗು ಎಂದರೆ ಹೋಗುತ್ತದೆ, ಹಿಂದಕ್ಕೆ ಬಾ ಎಂದರೆ ಬರುತ್ತದೆ, ನ್ಯೂಟ್ರಲ್ಲಿಗೆ ಹಾಕಿದರೆ ಎಮ್ಮೆ ಹಾಗೆ ಸುಮ್ಮನೆ ನಿಲ್ಲುತ್ತದೆ. ಪೆಟ್ರೋಲೂ ಕಡಿಮೆ ಕುಡಿಯುತ್ತದೆ. ಅದರ ದೋಷ ಒಂದೇ, ಆದರೆ ದೊಡ್ಡದು. ನೀರಿಗೆ ಬಿದ್ದವರು ಅದರ ಹತ್ತಿರ ಸಿಕ್ಕಿದರೆ ಬಿಚ್ಚಿದ ಕುಡುಗೋಲಿನ ಹತ್ತಿರ ಸಿಕ್ಕಿದಂತೆಯೇ.

ಮೂರನೆಯ ದಿನ ಜೆಟ್ ದೋಣಿ ಹತ್ತಿದೆ. ಅದನ್ನು ಓಡಿಸಿದ್ದು ಎನ್ನುವುದಕ್ಕಿಂತ ಅದರ ಜೊತೆ ತೇಲಿದ್ದು ಎನ್ನಬೇಕು. ಅರಸೀಕೆರೆ ಕಡೆಯ ಒಣ ನೆಲದಲ್ಲಿ ಬೆಳೆದವಳಿಗೆ ನೀರೆಂದರೆ ಪೈಪಿನ ಬಾಯಿ. ಕೊಳವೆಯಲ್ಲಿ ಗಾಳಿ ಗೊರಗೊರ ಎಂದು, ಒಂದೆರಡು ಬಾರಿ ಕೆಮ್ಮಿ, ಆಮೇಲೆ ತೋಳಿನಷ್ಟು ದಪ್ಪದ ಬಿಳಿ ನೀರು ತೊಟ್ಟಿಗೆ ಬೀಳುವುದನ್ನು ನೋಡುತ್ತಾ ನಾನು ದೊಡ್ಡವಳಾದೆ. ಈಗ ಹಿಂದಿರುಗಿ ನೋಡಿದರೆ ಅದೇ ಬಿಳಿ ನೀರು ನನ್ನ ಬೆನ್ನ ಹಿಂದೆ ಬಾಗಿ ಬೀಳುತ್ತಿತ್ತು. ತೊಟ್ಟಿಯಿಲ್ಲ, ಬದುವಿಲ್ಲ, ಸುತ್ತ ಮಂಜು. ತೆಂಗಿನಮೂಲೆಯ ಬಾಯಿ ದಾಟಿದ್ದು ನನಗೆ ತಿಳಿಯಲೇ ಇಲ್ಲ. ಕೆಳಗೆ ನೋಡಿದೆ. ಬುಡಗಳು ಒಂದೊಂದಾಗಿ ದೋಣಿಯಡಿ ಹಾದುಹೋಗುತ್ತಿದ್ದವು, ಪಾಚಿ ಹೊದ್ದುಕೊಂಡು, ಮಲಗಿದವರ ತಲೆಗಳ ಹಾಗೆ. ಒಂದು ಸಾಲು ಮುಗಿದು ಇನ್ನೊಂದು ಸಾಲು. ಎತ್ತು ಕಟ್ಟಿ ನೀರೆಳೆಯುತ್ತಿದ್ದ ಹಳೆಯ ಕಪಿಲೆ ಬಾವಿಯ ಕಲ್ಲುಕಟ್ಟು, ಅದರೊಳಗೆ ಇನ್ನಷ್ಟು ಹಸಿರು ಕತ್ತಲೆ. ಯಾರದೋ ತೋಟದ ಮೇಲೆ ಹಕ್ಕಿಯ ಹಾಗೆ ಹೋಗುತ್ತಿದ್ದೇನೆ ಅನ್ನಿಸಿತು. ಎಷ್ಟು ಹೊತ್ತು ಹಾಗೆ ಹೋದೆನೋ. ಮುದುಕ ಅಂದು ಬಲೆ ಬಿಡಲು ಬಂದಿರಲಿಲ್ಲ. ವಾಪಸು ಬಂದಾಗ ಮುಖವೆಲ್ಲ ಒದ್ದೆಯಾಗಿತ್ತು, ಮಂಜಿನದೇ ಇರಬೇಕು.

ಭಾನುವಾರ ಅಪ್ಪ ಬಂದರು. ಹಳೇಬೀಡಿಗೆ ಬಂದು ಅಲ್ಲಿಂದ ಬೇಲೂರು ಬಸ್ಸು ಹಿಡಿದು, ಅಲ್ಲಿಂದ ಆಟೋದಲ್ಲಿ. ನಲವತ್ತು ವರ್ಷ ಪಂಪ್‌ಸೆಟ್ ರಿಪೇರಿ ಮಾಡಿದ ಕೈ ಅವರದು. ಎಡಗೈಯ ಉಂಗುರದ ಬೆರಳು ಅರ್ಧ ಇಲ್ಲ, ಬೆಲ್ಟಿಗೆ ಹೋಗಿದ್ದು. ಮೇಲೆತ್ತಿ ನಿಲ್ಲಿಸಿದ್ದ ಜೆಟ್ ದೋಣಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಜಾಲರಿಯೊಳಗೆ ಬ್ಯಾಟರಿ ಬಿಟ್ಟು ನೋಡಿದರು.

"ಇದು ಪಂಪೇ ಅಲ್ವೇನವ್ವ," ಎಂದರು.

"ಪಂಪೇ ಅಪ್ಪ."

"ಇಲ್ಲಿ ಸಕ್ಷನ್ನು, ಇಲ್ಲಿ ತಿರುಗೋ ಇಂಪೆಲರ್ರು, ಇದು ಡೆಲಿವರಿ." ಮೂತಿಗೆ ಬೆರಳಲ್ಲಿ ತಟ್ಟಿದರು. "ನಾವು ಪಂಪ್ ಕೂರಿಸಿ ನೀರು ಓಡಿಸ್ತಿದ್ವಿ. ಇವ್ರು ನೀರು ಓಡಿಸಿ ಪಂಪೇ ಓಡಿಸ್ತಾ ಅವ್ರೆ. ಏರ್ ಹಿಡ್ದ್ರೆ ಏನ್ ಮಾಡ್ತೀಯ, ಸಗಣಿ ನೀರು ಹುಯ್ತೀಯ?"

ನಾನು ನಕ್ಕೆ. ಪೈಪಿನ ಬುಡದ ಫುಟ್‌ವಾಲ್ವ್ ಸೋರಿ ಗಾಳಿ ಹೊಕ್ಕರೆ ಸಗಣಿ ಕದಡಿದ ನೀರು ಹುಯ್ದು ಪಂಪು ಎತ್ತಿಸುವುದು ನಮ್ಮ ಕಡೆಯ ರೂಢಿ. ಕಾಲೇಜಿನಲ್ಲಿ ಒಮ್ಮೆ ಅದನ್ನು ಹೇಳಿದಾಗ ತರಗತಿಯೆಲ್ಲ ನನ್ನನ್ನು ನೋಡಿ ನಕ್ಕಿದ್ದೂ ಉಂಟು.

"ಇಂಪೆಲರ್ಗೂ ಗೂಡಿಗೂ ಸಂದು ಕೂದಲಷ್ಟು ಐತೆ," ಅಪ್ಪ ಮುಂದುವರಿಸಿದರು. "ಮರಳು ತಿಂದ್ರೆ ಸವೀತದೆ. ನಾರು, ಜೊಂಡು ಸಿಕ್ಕಿದ್ರೆ ಕಟ್ಕೊಳ್ತದೆ. ಆದ್ರೂ ಚೆಂದಾಗೈತೆ. ಕೈ ಹಾಕಿದ್ರೆ ಬೆರಳು ಹೋಗಾಕಿಲ್ಲ. ಆ ಇನ್ನೊಂದು ಬರೀ ಫ್ಯಾನು." ಆಮೇಲೆ, ನಾನು ಹುಟ್ಟಿದಾಗಿನಿಂದ ಕೇಳುತ್ತಾ ಬಂದ ಮಾತನ್ನೇ ಹೇಳಿದರು. "ಯಾವ್ದಾದ್ರೂ ಆಗ್ಲಿ. ಎಡವಟ್ಟು ಅಂತ ಕಂಡ್ರೆ ಮೊದ್ಲು ಮಿಷಿನ್ ಆರ್ಸು. ಯೋಚ್ನೆ ಆಮ್ಯಾಕೆ ಮಾಡು."

ಅವರಿಗೆ ಆ ಬೆರಳು ಹೇಳಿಕೊಟ್ಟ ಪಾಠ ಅದು. ನಮ್ಮ ಮನೆಯಲ್ಲಿ ಮಿಕ್ಸಿಯ ಸದ್ದು ಸ್ವಲ್ಪ ಬದಲಾದರೂ ಅವ್ವನ ಕೈ ಮೊದಲು ಸ್ವಿಚ್ಚಿಗೆ ಹೋಗುತ್ತದೆ.

ಅಪ್ಪ ಚೆಂದ ಎಂದ ಮೇಲೆ ನನ್ನ ಮನಸ್ಸು ಗಟ್ಟಿಯಾಯಿತು. ಜೆಟ್ ಎಂದೇ ಬರೆಯುವುದೆಂದು ನಿರ್ಧರಿಸಿದೆ. ಕಾರಣಗಳು ನ್ಯಾಯವಾಗಿದ್ದವು: ಬಿಚ್ಚಿದ ರೆಕ್ಕೆಯಿಲ್ಲ, ಮಕ್ಕಳು ಬಿದ್ದರೂ ಭಯ ಕಡಿಮೆ. ಮುದುಕನ ವಿಷಯಕ್ಕೆ ಒಂದು ಸಾಲು ಬರೆದರಾಯಿತು, ಬಲೆ ಬಿಡುವವರಿಗೆ ಮುಂಚಿತವಾಗಿ ತಿಳಿಸತಕ್ಕದ್ದು ಎಂದು. ಸರ್ಕಾರಿ ಕಾಗದದಲ್ಲಿ ಇರುತ್ತದಲ್ಲ, ಅಂಥ ಸಾಲು. ಮುದುಕನೂ ನಾನೂ ಮಾತಾಡಿ ಬಲ್ಲವರೇ. ದಂಡೆಯಲ್ಲಿ ಸಿಕ್ಕಿದಾಗ, "ಏನವ್ವ ಇಂಜಿನೇರಮ್ಮ, ಇವತ್ತು ಎಷ್ಟು ಜನಕ್ಕೆ ನೀರು ಕುಡಿಸ್ದೆ?" ಎಂದು ಕೆಣಕುವವನು ಅವನು. ಹೊಸ ದೋಣಿಯ ವಿಷಯ ಮಾತ್ರ ನಾನು ಅವನಿಗೆ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕೊನೆಯ ಪರೀಕ್ಷೆಗೆಂದು ಒಬ್ಬಳೇ ಹೊರಟೆ. ತೆಂಗಿನಮೂಲೆಯೊಳಕ್ಕೆ ಪೂರ್ತಿ ವೇಗದಲ್ಲಿ ಹೋಗಿ ನೋಡಬೇಕಿತ್ತು. ಮಂಜು ತೆಳ್ಳಗಾಗುತ್ತಿತ್ತು. ಬುಡಗಳ ಸಾಲು, ಬಾವಿ, ಮತ್ತೆ ಸಾಲು. ನಿದ್ದೆಯಲ್ಲಿ ಹಳೆಯ ದಾರಿಯಲ್ಲಿ ನಡೆದ ಹಾಗೆ ಹೋಗುತ್ತಿದ್ದೆ. ಜೊಂಡಿನ ಮರೆ ತಿರುಗಿದರೆ, ಎದುರಿಗೇ ಹರಿಗೋಲು. ಮುದುಕ ನನಗೆ ಬೆನ್ನು ಕೊಟ್ಟು ಕೂತು ಬಲೆ ಎತ್ತುತ್ತಿದ್ದಾನೆ.

ಜೆಟ್ ದೋಣಿಗೆ ನೀರಿನೊಳಗೆ ಚುಕ್ಕಾಣಿ ಹಲಗೆ ಇಲ್ಲ. ಮೂತಿಯನ್ನು ಎಡಕ್ಕೋ ಬಲಕ್ಕೋ ತಿರುಗಿಸಿ, ಉಗುಳುವ ನೀರಿನಿಂದಲೇ ಅದು ತಿರುಗಬೇಕು. ಉಗುಳುವುದು ನಿಂತರೆ ತಿರುಗುವುದೂ ನಿಂತಿತು. ಅಡ್ಡ ಏನಾದರೂ ಬಂದರೆ ಇಂಜಿನ್ನಿಗೆ ಇನ್ನಷ್ಟು ಕೊಟ್ಟು ತಿರುಗಿಸಬೇಕು, ಕಡಿಮೆ ಮಾಡಬಾರದು. ಇದನ್ನು ನಾನು ಓದಿದ್ದೆ. ಹಿಂದಿನ ದಿನ ಸಂಜೆ ತಾನೇ ನಮ್ಮ ಇಬ್ಬರು ಡ್ರೈವರುಗಳಿಗೆ ಹಾಳೆಯಲ್ಲಿ ಚಿತ್ರ ಬರೆದು ಹೇಳಿಕೊಟ್ಟಿದ್ದೆ. ಓದಿದ್ದು ತಲೆಯಲ್ಲಿತ್ತು. ಕೈಯಲ್ಲಿ ಅಪ್ಪ ಇದ್ದರು.

ಕೈ ಇಂಜಿನ್ ಆರಿಸಿತು.

ಸ್ಟಿಯರಿಂಗನ್ನು ಬಲಕ್ಕೆ ಕೊನೆತನಕ ತಿರುಗಿಸಿದೆ. ದೋಣಿ ತಿರುಗಲಿಲ್ಲ. ಸದ್ದಿಲ್ಲದೆ, ಬೆಣ್ಣೆಯ ಮೇಲೆ ಜಾರಿದ ಹಾಗೆ ನೆಟ್ಟಗೆ ಹೋಯಿತು. ಎಷ್ಟು ನಿಧಾನವಾಗಿ ಆಯಿತು ಅದು. ಅವನ ಅಂಗಿಯ ಹೆಗಲ ಮೇಲಿನ ತೇಪೆ, ಕಿವಿಯ ಹಿಂದೆ ಸಿಕ್ಕಿಸಿಕೊಂಡ ಬೀಡಿ, ಬಲೆಯಿಂದ ತೊಟ್ಟಿಕ್ಕುವ ಒಂದೊಂದು ಹನಿ ನನಗೆ ಕಾಣುತ್ತಿತ್ತು. ಕೂಗಿದೆನೋ ಇಲ್ಲವೋ ನೆನಪಿಲ್ಲ. ಕೊನೆಯ ಗಳಿಗೆಯಲ್ಲಿ ಮತ್ತೆ ಇಂಜಿನ್ ಹಚ್ಚಿದೆ. ಮೂತಿ ಉಗುಳಿತು, ದೋಣಿ ವಾಲಿಕೊಂಡು ಬಲಕ್ಕೆ ಹೊರಳಿತು. ಅದರ ಪಕ್ಕೆ ಹರಿಗೋಲಿನ ಅಂಚನ್ನು ಸವರಿತು. ಹರಿಗೋಲು ಬುಗುರಿಯ ಹಾಗೆ ಎರಡು ಸುತ್ತು ಸುತ್ತಿತು. ಅಷ್ಟರಲ್ಲಿ ಜಾಲರಿ ಬಲೆಯನ್ನು ಎಳೆದುಕೊಂಡು, ಇಂಜಿನ್ ಕಟ್ಟಿಹೋಗಿ ನಿಂತಿತು.

ಒಂದು ಕೊಕ್ಕರೆ ಎದ್ದು ಹೋದದ್ದು ಬಿಟ್ಟರೆ ಎಲ್ಲೂ ಸದ್ದಿಲ್ಲ.

ಮುದುಕ ಅಂಚು ಹಿಡಿದುಕೊಂಡು ಕೂತಿದ್ದ. ಸುತ್ತುವುದು ನಿಂತ ಮೇಲೆ ನನ್ನ ಕಡೆ ತಿರುಗಿದ. "ಯಾಕವ್ವ," ಎಂದ. "ಬದುಕಿದ್ದು ಸಾಕಾಯ್ತಾ ಅಂತ ಒಂದ್ ಮಾತು ಕೇಳ್ಬಾರ್ದಿತ್ತಾ?"

"ತಪ್ಪಾಯ್ತು ತಾತ. ನಂದೇ ತಪ್ಪು."

"ಸದ್ದು ಕೇಳ್ತಿತ್ತು ಕಣವ್ವ. ಆದ್ರೆ ಇಲ್ಲಿಗೆ ಯಾವ್ ದೋಣೀನೂ ಬರಾಕಿಲ್ಲ ಅಂತ ಬೆನ್ನು ಕೊಟ್ಕಂಡ್ ಕೂತಿದ್ದೆ."

ಈ ಮಾತು ನನ್ನಲ್ಲಿ ಎಲ್ಲಿ ಹೋಗಿ ಕೂತಿತೋ, ಅಲ್ಲಿಂದ ಎದ್ದಿಲ್ಲ.

ಬಲೆ ಬಿಡಿಸಲು ಒಂದು ಗಂಟೆಯಾಯಿತು. ನಾನು ಮೊಣಕಾಲುದ್ದ ನೀರಿಗಿಳಿದು, ಬಾಗಿ ಕೆಳಗೆ ತೋಳು ಚಾಚಿ, ಜಾಲರಿಯಿಂದ ನೂಲು ಎಳೆದೆ. ಅವನು ಎಳೆಯೆಳೆಯಾಗಿ ಚಾಕುವಿನಿಂದ ಕೊಯ್ದ. "ಇದು ಮೀನಿಗಿಂತ ಕಡೆ," ಎಂದ. "ಮೀನು ಬಲೇಗ್ ಬೀಳ್ತದೆ. ಇದು ಬಲೇನೇ ನುಂಗ್ತದೆ." ಇನ್ನು ಮೇಲೆ ದಿನಾ ಇಲ್ಲಿ ದೋಣಿ ಬರುತ್ತದಾ ಎಂದು ಅವನು ಕೇಳುತ್ತಾನೆಂದು ಕಾಯುತ್ತಿದ್ದೆ. ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳಬೇಕಾಗುತ್ತಿತ್ತೋ ಏನೋ. ಉತ್ತರ ಇನ್ನೂ ನನಗೇ ತಿಳಿದಿರಲಿಲ್ಲ.

ಸಂಜೆ ವರದಿ ಬರೆಯಲು ಕೂತೆ. ಮೂರು ಬಾರಿ ಬರೆದು ಹರಿದೆ. ಮುದುಕನ ಮೇಲಿನ ಕರುಣೆಗೆ ಯಂತ್ರವನ್ನು ದೂರುವುದು ಇಂಜಿನಿಯರಿಗೆ ಶೋಭಿಸುವುದಿಲ್ಲ. ಜೆಟ್ ಕೆಟ್ಟ ದೋಣಿಯಲ್ಲ, ಕೆಟ್ಟದ್ದೆಂದು ಬರೆಯಲು ನನಗಾಗುವುದಿಲ್ಲ. ಆದರೆ ಅದನ್ನು ಓಡಿಸುವವರು ಯಾರು? ನಮ್ಮ ಒಬ್ಬ ಡ್ರೈವರ್ ಟ್ರ್ಯಾಕ್ಟರಿನಿಂದ ಬಂದವನು, ಇನ್ನೊಬ್ಬ ಕಾಯಿ ಸಾಗಿಸುವ ಲಗೇಜ್ ಆಟೋದಿಂದ. ಅಡ್ಡ ದನ ಬಂದರೆ ಕಾಲೆತ್ತಿ ಬ್ರೇಕ್ ತುಳಿದು ಬೆಳೆದವರು. ನಾವು ಮೂವರೂ ಗಾಬರಿಯಾದರೆ ಮೊದಲು ಮಾಡುವುದೇ ಆ ದೋಣಿಯಲ್ಲಿ ಮಾಡಬಾರದ ಕೆಲಸ. ಕಲಿಯಬಹುದು, ಕಲಿಯುವ ತನಕ ಎಂಟು ಜನರನ್ನು ಕೂರಿಸಿಕೊಂಡು ಬುಡಗಳ ನಡುವೆ ಹೋಗಬಾರದು. ಬೆಳಗ್ಗೆ ನಡೆದದ್ದನ್ನೆಲ್ಲ ಬರೆದೆ, ಆರಿಸಿದ ಕೈ ಯಾರದೆಂದೂ ಬರೆದೆ. ಪ್ರೊಪೆಲರ್ ದೋಣಿ ಇಟ್ಟುಕೊಳ್ಳಿ, ರೆಕ್ಕೆಯ ಸುತ್ತ ಕಬ್ಬಿಣದ ಬಳೆ ಹಾಕಿಸಿ, ಆಳದ ನೀರಿನಲ್ಲೇ ಓಡಿಸಿ ಎಂದು ಮುಗಿಸಿದೆ.

ಯಜಮಾನರು ಅರಸೀಕೆರೆಯ ಅಂಗಡಿಯಲ್ಲಿ ಕೊಬ್ಬರಿ ಮೂಟೆಗಳ ನಡುವೆ ಕೂತು ಪೂರ್ತಿ ಓದಿದರು. "ನಿಂಗೆ ಓಡ್ಸಕ್ಕೆ ಬರ್ಲಿಲ್ಲ. ಅದಕ್ಕೆ ದೋಣಿ ಬೇಡ. ಇಷ್ಟೇ ತಾನೇ ಇದ್ರಲ್ಲಿರೋದು?"

"ಹೌದು ಸಾರ್. ಓದಿ, ಚಿತ್ರ ಬರೆದು ಹೇಳ್ಕೊಟ್ಟ ನನಗೇ ಬರ್ಲಿಲ್ಲ. ಅದನ್ನೇ ಬರ್ದಿದ್ದೀನಿ."

"ಇಷ್ಟ್ ಓದ್ಬಿಟ್ಟು ಕೊನೆಗೆ ಹಳೇ ಫ್ಯಾನನ್ನೇ ಆರಿಸ್ದೆಯಲ್ಲಮ್ಮ," ಎಂದರು. ಅಲ್ಲಿದ್ದ ಗುಮಾಸ್ತರೂ ನಕ್ಕರು. ಡಿಗ್ರಿ ಸರ್ಟಿಫಿಕೇಟಿನ ಮೇಲೆ ಯಾರೋ ಕಾಫಿ ಲೋಟ ಇಟ್ಟ ಹಾಗಾಯಿತು. ಒಂದು ಗಳಿಗೆ, ಇಲ್ಲ ಸಾರ್, ಜೆಟ್ಟೇ ಇರಲಿ, ನಾನು ಎಲ್ಲರಿಗೂ ಕಲಿಸುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವರು ಕಾಗದವನ್ನು ಮಡಿಸಿ ಮೇಜಿನ ಒಳಗಿಟ್ಟರು. ಎರಡು ದಿನ ಬಿಟ್ಟು ಲಾರಿ ಬಂದು ಜೆಟ್ ದೋಣಿಯನ್ನು ಹೊತ್ತುಕೊಂಡು ಹೋಯಿತು. ಅದು ತಿರುವಿನಲ್ಲಿ ಮರೆಯಾಗುವ ತನಕ ನೋಡಿದೆ. ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಈಗಲೂ ಬೆಳಗಿನ ಹೊತ್ತು, ಜನ ಬರುವ ಮೊದಲು, ಇಂಜಿನ್ ಬಿಸಿ ಮಾಡಲೆಂದು ಒಂದು ಸುತ್ತು ಹೋಗುತ್ತೇನೆ. ತೆಂಗಿನಮೂಲೆಯ ಬಾಯಿಗೆ ಬಂದಾಗ ನ್ಯೂಟ್ರಲ್ಲಿಗೆ ಹಾಕುತ್ತೇನೆ. ದೋಣಿ ನಿಲ್ಲುತ್ತದೆ. ಒಳಗೆ ಮಂಜು, ಮಂಜಿನೊಳಗೆ ದುಂಡಗೆ ಕಪ್ಪಾದ ಹರಿಗೋಲು. ಮೊದಲ ಸಲ ಹಾಗೆ ನಿಂತಾಗ ಒಳಗಿನಿಂದ ಅವನ ದನಿ ಬಂತು. ನಾನು ಏನು ಬರೆದೆನೆಂದು ಅವನಿಗೆ ಯಾರೂ ಹೇಳಿಲ್ಲ.

"ಏನವ್ವ ಇಂಜಿನೇರಮ್ಮ, ಆ ಹೊಸ ದೋಣಿ ಎತ್ಲಾಗ್ ಹೋಯ್ತು? ಓಡ್ಸಕ್ಕೆ ಬರ್ದೆ ವಾಪಸ್ ಕೊಟ್ರಂತೆ?"

"ಹೌದು ತಾತ. ಬರ್ಲಿಲ್ಲ."

"ಹಂಗಾರೆ ಅಲ್ಲೇ ಇರು. ಒಳಿಕ್ ಬರ್ಬೇಡ," ಎಂದು ಅವನು ನನಗೆ ಬೆನ್ನು ಹಾಕಿ ಕೂತು, ಬಲೆ ಎತ್ತತೊಡಗಿದ.